ಪುಟ್ಟಿಗೆ 500ರ ನೋಟು ಬೇಡ ಅಮ್ಮ

ಸ್ಟುಟ್‌ಗಾರ್ಟ್, ಜರ್ಮನಿ, ನವೆಂಬರ್ 12

ಪ್ರೀತಿಯ ಅಮ್ಮ,

ಭಾನುವಾರ ಫೋನಿನಲ್ಲಿ ನೀನು ಬೇಜಾರು ಮಾಡಿಕೊಂಡೆ. "ಎಂಟು ವರ್ಷದ ಮಗುವಿನ ಎದುರು ಬಿಲ್ಲು, ಬಾಡಿಗೆ ಅಂತ ಯಾಕೆ ಮಾತಾಡ್ತೀರಿ? ಅದರ ಪಾಡಿಗೆ ಆಡ್ಕೊಂಡಿರಲಿ" ಅಂದೆ. ಆಗ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಮನೆ ಬೆಚ್ಚಗಿಡುವ ಹೀಟರಿಗೆ ಪ್ರತಿ ತಿಂಗಳು ಅಂದಾಜಿನ ಮೇಲೆ ದುಡ್ಡು ಕಟ್ಟುತ್ತೇವೆ. ವರ್ಷಕ್ಕೊಮ್ಮೆ ಲೆಕ್ಕ ಹಾಕಿ, ಜಾಸ್ತಿ ಬಳಸಿದ್ದರೆ ಬಾಕಿ ಕೇಳುತ್ತಾರೆ. ಈ ಸಲ 380 ಯೂರೊ ಬಂತು. ರಜೆಯ ಪ್ರವಾಸ ಕೈಬಿಟ್ಟೆವು. ಪುಟ್ಟಿಗೆ ಆ ಕಾಗದವನ್ನೇ ತೋರಿಸಿದೆವು. ಅವಳ ಮುಖ ಸಣ್ಣದಾಯಿತು. "ನಮ್ಮ ಹತ್ರ ದುಡ್ಡು ಖಾಲಿ ಆಯ್ತಾ?" ಅಂದಳು. "ಇಲ್ಲ ಕಂದ. ಬಾಡಿಗೆಗಿದೆ, ಊಟಕ್ಕಿದೆ, ನಿನ್ನ ಈಜಿನ ಕ್ಲಾಸಿಗೂ ಇದೆ. ಪ್ರವಾಸಕ್ಕೆ ಮಾತ್ರ ಈ ಸಲ ಇಲ್ಲ" ಅಂದೆ. ಅತ್ತಳು. ಮರುದಿನ ಶಾಲೆಗೆ ಹೊರಡುವಾಗ ತನ್ನ ಕೋಣೆಯ ಹೀಟರ್ ತಾನೇ ತಿರುಗಿಸಿ ಕಡಿಮೆ ಮಾಡಿದಳು. ನಾವು ಹೇಳಿರಲಿಲ್ಲ.

ಏಳನೇ ಕ್ಲಾಸಿನಲ್ಲಿ ನನ್ನನ್ನು ಶಾಲೆಯ ಟ್ರಿಪ್ಪಿಗೆ ಕಳಿಸಲಿಲ್ಲ, ನೆನಪಿದೆಯಾ? "ಬಿಸಿಲು ನಿನಗೆ ಆಗಲ್ಲ" ಅಂದರು ಅಪ್ಪ. ಅಜ್ಜಿಯ ಕಣ್ಣಿನ ಆಪರೇಷನ್‌ಗೆ ಸಾಲ ಮಾಡಿದ್ದರು ಅಂತ ಗೊತ್ತಾಗಿದ್ದು ನನ್ನ ಮದುವೆ ಹೊತ್ತಿಗೆ. ಅಷ್ಟು ವರ್ಷ ಅಪ್ಪನಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಅಂದುಕೊಂಡಿದ್ದೆ ಅಮ್ಮ. ಆವತ್ತೇ ಹೇಳಿದ್ದರೆ ನನಗೆ ಅರ್ಥ ಆಗ್ತಿತ್ತು.

ಅವಳಿಗೆ ವಾರಕ್ಕೆ 3 ಯೂರೊ ಕೊಡುತ್ತೇವೆ. 7 ವರ್ಷ ತುಂಬಿದ ಮಗು ತನ್ನ ಪಾಕೆಟ್ ಮನಿಯಲ್ಲಿ ತಾನೇ ಸಾಮಾನು ಕೊಂಡರೆ ಇಲ್ಲಿನ ಕಾನೂನೂ ಒಪ್ಪುತ್ತದೆ. ಖಾಲಿ ಬಾಟಲಿ ವಾಪಸ್ ಕೊಡುವ ಕೆಲಸವೂ ಅವಳದೇ. ಅಂಗಡಿಯ ಮಷಿನ್ನಿನ ತೂತಿಗೆ ಬಾಟಲಿ ಇಟ್ಟರೆ ಅದು ಗರಗರ ತಿರುಗಿಸಿ ಒಳಗೆಳೆದುಕೊಳ್ಳುತ್ತದೆ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್. ಮೊದಲ ದಿನ 12 ಬಾಟಲಿಗೆ 3 ಯೂರೊ ಬಂದಾಗ ಕುಣಿದಳು. ಕೊಳ್ಳುವಾಗಲೇ ನಾವು ಆ 25 ಸೆಂಟ್ ಕಟ್ಟಿರುತ್ತೇವೆ ಅಂತ ಬಿಲ್ಲಿನಲ್ಲಿ ತೋರಿಸಿದೆ. ಸುಮ್ನೆ ನಿಂತಳು. "ಹಾಗಾದ್ರೆ ಇದು ನಮ್ಮದೇ ದುಡ್ಡು! ಬಾಟಲಿ ಎಸೆದರೆ ದುಡ್ಡು ಎಸೆದ ಹಾಗೆ" ಅಂದಳು.

ಅಕ್ಟೋಬರ್ ಕೊನೆಗೆ ಇಲ್ಲಿ ಉಳಿತಾಯದ ದಿನ. ಮಕ್ಕಳು ದುಡ್ಡಿನ ಡಬ್ಬಿ ತಂದು ಬ್ಯಾಂಕಿನಲ್ಲಿ ಸುರಿಯುತ್ತಾರೆ. ಅವಳೂ ಸುರಿದಳು. ನಮ್ಮ ಉಡುಪಿಯಲ್ಲಿ 1928ರಲ್ಲೇ ಬ್ಯಾಂಕಿನವರು ದಿನಕ್ಕೆ 2 ಆಣೆಯಂತೆ ಮನೆ ಬಾಗಿಲಿಗೇ ಬಂದು ಪಿಗ್ಮಿ ಅನ್ನುವ ಸಣ್ಣ ಉಳಿತಾಯ ಕಟ್ಟಿಸಿಕೊಳ್ಳಲು ಶುರು ಮಾಡಿದ್ದರು ಅಂತ ಅಪ್ಪ ಹೇಳ್ತಿದ್ರಲ್ಲ, ಅದನ್ನು ಅವಳಿಗೆ ಹೇಳಿದೆ. ಅಜ್ಜನ ಪಿಗ್ಮಿ ಪುಸ್ತಕ ನೋಡಬೇಕಂತೆ. ಇದ್ದರೆ ತೆಗೆದಿಡಲು ಅಪ್ಪನಿಗೆ ಹೇಳು.

ಒಂದು ಮಾತು ನಡೆಸಿಕೊಡು ಅಮ್ಮ. ಡಿಸೆಂಬರಿಗೆ ಬಂದಾಗ ಕಳೆದ ಸಲದ ಹಾಗೆ ಅವಳ ಕೈಗೆ ಗುಟ್ಟಾಗಿ 500ರ ನೋಟು ತುರುಕಬೇಡ. ನಿನ್ನ ಜೊತೆ ಸಂತೆಗೆ ಕರೆದುಕೊಂಡು ಹೋಗು. 200 ರೂಪಾಯಿ ಕೊಟ್ಟು, ಬಸಳೆ, ಬಾಳೆಹಣ್ಣು ಅವಳೇ ಕೊಳ್ಳಲಿ. ಚಿಲ್ಲರೆಯನ್ನೂ ಅವಳೇ ಎಣಿಸಲಿ. ಕನ್ನಡದಲ್ಲಿ ನೂರರವರೆಗೆ ಎಣಿಸಲು ಈಗ ಬರುತ್ತದೆ. ಎಂಬತ್ತು, ತೊಂಬತ್ತರ ಹತ್ತಿರ ಸ್ವಲ್ಪ ತಡವರಿಸುತ್ತಾಳೆ, ನೀನು ಪಕ್ಕದಲ್ಲಿ ನಿಂತಿರು.

ನಿನ್ನ ಮಗಳು