ಒಂದು ದಿನ ಹಾಕುವ ಕೋಟಿಗೆ ನಾಲ್ಕು ಸಾವಿರ ಯಾಕೆ?

ಮಾನ್ಯ ಸಂಪಾದಕರೇ,

ನಾನು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಟೈಲರ್ ಅಂಗಡಿ ನಡೆಸುತ್ತಿದ್ದೇನೆ. ಊರು ಕುಂದಾಪುರದ ಕಡೆ. ಈಗೀಗ ಹೊಸ ಬಟ್ಟೆ ಹೊಲಿಸುವವರು ಕಡಿಮೆ, ರೆಡಿಮೇಡ್ ತಂದು ಆಲ್ಟ್ರೇಷನ್ ಮಾಡಿಸುವವರೇ ಜಾಸ್ತಿ. ಜುಲೈ ಬಂತೆಂದರೆ ಕಾಲೇಜಿನ ಕೊನೆಯ ವರ್ಷದ ಮಕ್ಕಳು ಅಂಗಡಿಗೆ ಬರಲು ಶುರು ಮಾಡುತ್ತಾರೆ. ಕೆಲಸಕ್ಕೆ ಮಕ್ಕಳನ್ನು ಆರಿಸಲು ಕ್ಯಾಂಪಸ್‌ಗೆ ಕಂಪನಿ ಬರುತ್ತಿದೆ ಅಂಕಲ್, ನಾಳೆ ಬೆಳಿಗ್ಗೆಗೇ ಬೇಕು ಅಂತ. ಹೋದ ವಾರ ಹಾಗೆ ಬಂದ ಒಬ್ಬ ಹುಡುಗನನ್ನು ನೋಡಿ ಈ ಪತ್ರ ಬರೆಯಬೇಕು ಅನ್ನಿಸಿತು.

ನಮ್ಮ ಕಡೆಯವರದೇ ಹುಡುಗ. ಅಪ್ಪ ಮಸ್ಜಿದ್ ಬಂದರ್ ಹತ್ತಿರದ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾರೆ, ಅಮ್ಮ ಮನೆಯಲ್ಲೇ ಡಬ್ಬಿ ಅಡುಗೆ ಮಾಡಿ ಕೊಡುತ್ತಾರೆ. ಕಾಲೇಜಿನಿಂದ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಿತ್ತಂತೆ. ಕಂಪನಿಯ ಪ್ರೆಸೆಂಟೇಷನ್ ದಿನ ಎಲ್ಲರೂ ನೇವಿ ಬ್ಲೂ ಬ್ಲೇಜರ್ ಮತ್ತು ಟೈ ಹಾಕಿ ಬರಬೇಕು, ಇಲ್ಲದಿದ್ದರೆ ಹಾಲ್ ಒಳಗೆ ಬಿಡುವುದಿಲ್ಲ ಅಂತ. ಬ್ಲೇಜರ್‌ಗೆ 4,200 ರೂಪಾಯಿ ಆಯಿತು. ಚೌತಿಗೆ ಊರಿಗೆ ಹೋಗಲು ಎತ್ತಿಟ್ಟಿದ್ದ ದುಡ್ಡು ಅದು.

ಹುಡುಗ ನನ್ನ ಹತ್ತಿರ ಬಂದದ್ದು ಪ್ರೆಸೆಂಟೇಷನ್ ಮುಗಿದ ಮೇಲೆ, ತೋಳು ಚಿಕ್ಕದು ಮಾಡಿಸೋಕೆ. ಹಾಕಿಕೊಂಡು ತೋರಿಸು ಅಂದೆ. ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ಭುಜ ಎರಡೂ ಕಡೆ ಒಂದೊಂದು ಇಂಚು ಹೊರಗೆ ಜೋತಿತ್ತು. ಹಿಂದಕ್ಕೆ ತಿರುಗು ಅಂದೆ. ಕೋಟಿನ ಹಿಂದಿನ ಸೀಳಿನ ತುದಿಯಲ್ಲಿ ಬಿಳಿ ನೂಲಿನ ಕತ್ತರಿ ಗುರುತಿನ (X) ಹೊಲಿಗೆ ಹಾಗೇ ಇತ್ತು. ಎಡ ತೋಳಿನ ತುದಿಯಲ್ಲಿ ಕೋಟು ತಯಾರಿಸಿದವರ ಹೆಸರಿನ ಪಟ್ಟಿಯೂ ಇತ್ತು. ಆ ನೂಲು ಕೋಟು ಸಾಗಿಸುವಾಗ ಸೀಳು ಬಿಚ್ಚಿಕೊಂಡು ಮಡಿಕೆ ಕೆಡದಿರಲಿ ಅಂತ ಹಾಕುವ ಕಚ್ಚಾ ಹೊಲಿಗೆ, ಕೊಂಡ ಮೇಲೆ ಕೀಳಬೇಕು, ತೋಳಿನ ಪಟ್ಟಿಯೂ ಅಷ್ಟೇ. ನಾನು ಸಣ್ಣ ಕತ್ತರಿ ತೆಗೆದು ನೂಲು ಕತ್ತರಿಸಿದಾಗ ಅವನ ಮುಖ ಇಳಿದುಹೋಯಿತು. "ಇದು ತೆಗೀಬೇಕಿತ್ತಾ ಅಂಕಲ್? ಅವತ್ತು ಇಡೀ ದಿನ ಹೀಗೇ ಇದ್ದೆ" ಅಂದ. ಮಾರಿದ ಅಂಗಡಿಯವರು ಹೇಳಲಿಲ್ಲ, ಬ್ಲೇಜರ್ ಕಡ್ಡಾಯ ಅಂದ ಕಾಲೇಜಿನವರೂ ಹೇಳಲಿಲ್ಲ. ತೋಳು ಸರಿ ಮಾಡಿ ಕೊಟ್ಟೆ. ಭುಜ ಮಾತ್ರ ನನ್ನಿಂದ ಆಗಲಿಲ್ಲ. ಅದಕ್ಕೆ ತೋಳನ್ನೇ ಪೂರ್ತಿ ಬಿಚ್ಚಿ ಹೊಸದಾಗಿ ಕೂರಿಸಬೇಕು, ಖರ್ಚು ಕೋಟಿನ ಬೆಲೆಯ ಅರ್ಧದಷ್ಟಾಗುತ್ತದೆ.

ಇನ್ನೊಂದು ಮಾತು ಕೇಳಿ. ಅವತ್ತು ಕಂಪನಿಯಿಂದ ಬಂದ ಮೂವರೂ ಕಾಲರ್ ಇರುವ ಟೀ ಶರ್ಟ್ ಹಾಕಿ ಬಂದಿದ್ದರಂತೆ. ಮಕ್ಕಳು ಮಾತ್ರ ಫ್ಯಾನ್ ಕೆಳಗೆ ಎರಡು ಗಂಟೆ ಬ್ಲೇಜರ್‌ನಲ್ಲಿ ಬೆವರುತ್ತಾ ಕೂತಿದ್ದರು. ಆಮೇಲೆ ಮೊದಲ ಸುತ್ತಿನ ಇಂಟರ್‌ವ್ಯೂ ಆದದ್ದು ಮನೆಯಿಂದ, ಲ್ಯಾಪ್‌ಟಾಪಿನಲ್ಲಿ. ಕೋಟು ಈಗ ಕಪಾಟಿನಲ್ಲಿದೆ.

ಪ್ರೆಸೆಂಟೇಷನ್ ಬೇರೆ, ಇಂಟರ್‌ವ್ಯೂ ಬೇರೆ. ಇದನ್ನು ಎಷ್ಟೋ ತಂದೆ ತಾಯಿಯರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಪ್ರೆಸೆಂಟೇಷನ್ ಅಂದರೆ ಕಂಪನಿಯವರು ಬಂದು ತಮ್ಮ ಕೆಲಸ ಏನು, ಸಂಬಳ ಎಷ್ಟು, ಯಾವ ಊರಿಗೆ ಹಾಕುತ್ತಾರೆ ಅಂತ ಹೇಳುವ ಸಭೆ. ಅಲ್ಲಿಗೆ ಇಸ್ತ್ರಿ ಮಾಡಿದ ಶರ್ಟು, ಸರಿಯಾದ ಪ್ಯಾಂಟು, ಒರೆಸಿದ ಬೂಟು ಸಾಕು. ಹುಡುಗಿಯರಿಗೆ ಸಲ್ವಾರ್ ಕಮೀಜೋ ಕುರ್ತಾವೋ ಪ್ಯಾಂಟು ಶರ್ಟೋ, ಯಾವುದು ದಿನಾ ಹಾಕಿ ರೂಢಿಯಿದೆಯೋ ಅದು. ಇಂಟರ್‌ವ್ಯೂಗೂ ಸಾಫ್ಟ್‌ವೇರ್ ಮತ್ತು ಕಾರ್ಖಾನೆಯ ಕೆಲಸಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಸಾಕು, ಟೈ ಹಾಕಿದರೆ ಹಾಕಬಹುದು. ಬ್ಯಾಂಕಿಂಗ್, ಕನ್ಸಲ್ಟಿಂಗ್, ಎಂಬಿಎ ಮಕ್ಕಳ ಕೆಲಸ, ಇಂಥ ಕಡೆ ಮಾತ್ರ ಕೋಟು ನಿರೀಕ್ಷೆ ಮಾಡುತ್ತಾರೆ. ಎಷ್ಟೋ ಕಂಪನಿಗಳು ಏನು ಹಾಕಿ ಬರಬೇಕು ಅಂತ ಮೇಲ್‌ನಲ್ಲೇ ಬರೆದಿರುತ್ತವೆ. ಬರೆದಿಲ್ಲದಿದ್ದರೆ ಕಂಪನಿಗಳನ್ನು ಕರೆಸುವ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸಿನಲ್ಲಿ ಕೇಳಿ, ಕೇಳಿದರೆ ತಪ್ಪೇನೂ ಇಲ್ಲ.

ನಾನು ದಿನಾ ಅಳತೆ ತೆಗೆಯುವವನು. ಐನೂರು ರೂಪಾಯಿಯ ಶರ್ಟು ಮೈಗೆ ಸರಿಯಾಗಿ ಕೂತರೆ ಐದು ಸಾವಿರದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ, ಇದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಶರ್ಟಿನ ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಬರಬೇಕು. ಕಾಲರ್ ಗುಂಡಿ ಹಾಕಿದ ಮೇಲೆ ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇದ್ದರೆ ಸರಿ. ಬಣ್ಣ ಬಿಳಿ ಅಥವಾ ತಿಳಿ ನೀಲಿ. ಒಳಗೆ ತೋಳಿರುವ ಬನಿಯನ್ ಹಾಕಿ, ಬೆವರು ಅದಕ್ಕೆ ಹೋಗುತ್ತದೆ, ಕಂಕುಳ ಹತ್ತಿರ ಕಲೆ ಕಾಣುವುದಿಲ್ಲ. ಪೂರ್ತಿ ಪಾಲಿಯೆಸ್ಟರ್ ಶರ್ಟು ಮುಂಬಯಿ ಸೆಕೆಗೆ ಬೇಡವೇ ಬೇಡ. ಪೂರ್ತಿ ಕಾಟನ್ ಆದರೆ ಲೋಕಲ್ ರೈಲು ಇಳಿಯುವಷ್ಟರಲ್ಲಿ ಮುದುಡಿರುತ್ತದೆ. ಕಾಟನ್ ಜಾಸ್ತಿ ಇರುವ ಮಿಕ್ಸ್ ಬಟ್ಟೆ ಒಳ್ಳೆಯದು. ಪ್ಯಾಂಟು ಬೂಟಿನ ಮೇಲೆ ಬಂದು ಒಂದೇ ಒಂದು ಮಡಿಕೆ ಬೀಳಬೇಕು. ಅಣ್ಣನ ಪ್ಯಾಂಟು ಗಿಡ್ಡ ಆಗುತ್ತದೆ ಅಂತ ಬಿಡಬೇಡಿ. ಕೆಳಗಿನ ಪಟ್ಟಿಯೊಳಗೆ ಬಟ್ಟೆ ಮಡಚಿರುತ್ತಾರೆ, ಬಿಚ್ಚಿದರೆ ಒಂದೂವರೆ ಇಂಚಿನವರೆಗೂ ಸಿಗಬಹುದು.

ಬೆಲ್ಟೂ ಬೂಟೂ ಒಂದೇ ಬಣ್ಣ ಇರಲಿ. ಕೂತಾಗ ಕಾಲು ಕಾಣದಷ್ಟು ಉದ್ದದ ಸಾಕ್ಸ್ ಹಾಕಿ. ಟೈ ಕಟ್ಟಿದರೆ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಕೋಟಿನ ಕೆಳಗಿನ ಗುಂಡಿ ಹಾಕುವುದಿಲ್ಲ, ಕೂರುವಾಗ ಮೇಲಿನದನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಹೊಟ್ಟೆಯ ಹತ್ತಿರ ಎಳೆದುಕೊಂಡು ನಿಲ್ಲುತ್ತದೆ. ಕೋಟು ಕೊಳ್ಳಲೇಬೇಕು ಅಂತಾದರೆ ಮೊದಲು ಭುಜ ನೋಡಿ. ತೋಳು, ಸೊಂಟ ನನ್ನಂಥವರು ಸರಿ ಮಾಡಿ ಕೊಡುತ್ತೇವೆ.

ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ಮೊದಲು ಹೇಳುವುದು ಶರ್ಟಿನ ಎದೆಯ ಹತ್ತಿರ ಎರಡು ಗುಂಡಿ ನಡುವೆ ಬಾಯಿ ಬಿಡುತ್ತದೆ ಅಂತ. ಅಲ್ಲಿ ಒಳಗಿನಿಂದ ಒಂದು ಟಿಚ್ ಬಟನ್ ಹೊಲಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಸೀರೆ ಚೆನ್ನಾಗೇ ಕಾಣುತ್ತದೆ. ಆದರೆ ಉಟ್ಟು ರೂಢಿಯಿಲ್ಲದವರು ಅವತ್ತೇ ಮೊದಲ ಸಲ ಉಟ್ಟರೆ ಗಮನವೆಲ್ಲ ನೆರಿಗೆ ಮೇಲೇ ಇರುತ್ತದೆ. ದುಪಟ್ಟಾಕ್ಕೆ ಭುಜದಲ್ಲಿ ಪಿನ್ ಹಾಕಿಕೊಳ್ಳಿ. ಕುಂಕುಮ, ಬಳೆ, ತಲೆವಸ್ತ್ರ ಇವೆಲ್ಲ ಅವರವರ ಮನೆಯ ರೀತಿ, ಅದನ್ನು ತೆಗೆದು ಹೋಗು ಅಂತ ಯಾವ ಮಗುವಿಗೂ ಯಾರೂ ಹೇಳಬಾರದು.

ಲ್ಯಾಪ್‌ಟಾಪಿನ ಇಂಟರ್‌ವ್ಯೂಗೆ ಸಣ್ಣ ಗೀಟಿನ, ಸಣ್ಣ ಚೌಕಳಿಯ ಶರ್ಟು ಹಾಕಬೇಡಿ. ಕ್ಯಾಮೆರಾದಲ್ಲಿ ಅದು ಅಲೆ ಅಲೆಯಾಗಿ ಅಲುಗಾಡಿದಂತೆ ಕಾಣುತ್ತದೆ. ಒಂದೇ ಬಣ್ಣದ್ದು ಹಾಕಿ.

ಇನ್ನು ಮಳೆ. ಮುಂಬಯಿಯಲ್ಲಿ ಜಾಸ್ತಿ ಮಳೆ ಸುರಿಯುವ ತಿಂಗಳಲ್ಲೇ ಕ್ಯಾಂಪಸ್ ಇಂಟರ್‌ವ್ಯೂ ಶುರುವಾಗುವುದು. ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್‌ಗೆ ಇಸ್ತ್ರಿ ಶರ್ಟು ಹಾಕಿ ಹತ್ತಿದರೆ ಆ ನೂಕುನುಗ್ಗಲಲ್ಲಿ ಥಾಣೆ ಸ್ಟೇಷನ್ ದಾಟುವಷ್ಟರಲ್ಲಿ ಏನಾಗುತ್ತದೆ ಅಂತ ಈ ಲೈನಿನವರಿಗೆ ಗೊತ್ತಲ್ವಾ. ಮನೆಯಿಂದ ಹಳೇ ಟೀ ಶರ್ಟು, ಮಳೆ ಚಪ್ಪಲಿ ಹಾಕಿಕೊಂಡೇ ಹೊರಡಿ. ಶರ್ಟು, ಬೂಟು, ಸಾಕ್ಸ್ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನಲ್ಲಿರಲಿ. ಒಂದು ಗಂಟೆ ಮೊದಲು ತಲುಪಿ ಕಾಲೇಜಿನಲ್ಲೇ ಬದಲಾಯಿಸಿ. ಸಾಧ್ಯವಾದರೆ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯಿರಿ, ಹೊತ್ತು ಜಾಸ್ತಿ ಹಿಡಿದರೂ ಕೂರಲು ಸಿಗುತ್ತದೆ. ಕೋಟು ಇದ್ದರೆ ಒಂದು ಭುಜವನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ, ಇನ್ನೊಂದು ಭುಜವನ್ನು ಅದರೊಳಗೆ ತುರುಕಿ, ಅಸ್ತರು ಹೊರಗೆ ಬರುವಂತೆ ಉದ್ದಕ್ಕೆ ಮಡಚಿ. ಹಾಗೆ ಮಡಚಿದರೆ ಹೊರಗಿನ ಬಟ್ಟೆ ಕೊಳೆಯಾಗುವುದಿಲ್ಲ, ಸುಕ್ಕೂ ಕಡಿಮೆ. ಹೊಸ ಬೂಟನ್ನು ಒಂದು ವಾರ ಮನೆಯೊಳಗೇ ಹಾಕಿ ಓಡಾಡಿ. ಹಿಮ್ಮಡಿ ಕಚ್ಚಿಸಿಕೊಂಡು ಕುಂಟುತ್ತಾ ಇಂಟರ್‌ವ್ಯೂ ಕೋಣೆಗೆ ಹೋದ ಮಕ್ಕಳನ್ನು ಕಂಡಿದ್ದೇನೆ.

ಕಾಲೇಜಿನವರಲ್ಲಿ ನನ್ನ ಕಳಕಳಿಯ ವಿನಂತಿ. ಕಂಪನಿ ಕೇಳದ ಬ್ಲೇಜರನ್ನು ನೀವಾಗಿ ಕಡ್ಡಾಯ ಮಾಡಬೇಡಿ. ಎಲ್ಲರೂ ಒಂದೇ ಥರ ಕಂಡರೆ ಕಾಲೇಜಿಗೆ ಶೋಭೆ ಅಂತ ನಿಮಗೆ ಅನ್ನಿಸಬಹುದು. ಒಂದು ಮನೆಯ ಎರಡು ವಾರದ ರೇಷನ್ ಅದರಲ್ಲಿ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ಮೇಲಿನದಕ್ಕೆ ಶೇ 18. ಅಂದರೆ ಮಕ್ಕಳು ದಿನಾ ಹಾಕುವ ಶರ್ಟು ಪ್ಯಾಂಟಿಗೆ ಕಡಿಮೆ ತೆರಿಗೆ, ಒಂದೇ ದಿನ ಹಾಕುವ ಈ ಬ್ಲೇಜರ್‌ಗೆ ಜಾಸ್ತಿ ತೆರಿಗೆ. ಬಾಗಿಲಲ್ಲೇ ಒಂದು ಮಗುವನ್ನು ಬಟ್ಟೆ ಕಾರಣಕ್ಕೆ ತಡೆದು ನಿಲ್ಲಿಸಿದರೆ ಆ ಮಗು ಒಳಗೆ ಹೋದ ಮೇಲೂ ಸರಿಯಾಗಿ ಬಾಯಿ ಬಿಡಲಾರದು. ನಾನು ಹದಿನಾರನೇ ವಯಸ್ಸಿನಲ್ಲಿ ಈ ಊರಿಗೆ ಬಂದು, ಹಗಲು ದಾದರಿನ ಒಂದು ಅಂಗಡಿಯಲ್ಲಿ ಕಾಜಾ ಹಾಕುತ್ತಾ, ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಹತ್ತನೇ ತರಗತಿ ಮಾಡಿದವನು. ಇದ್ದದ್ದು ಎರಡೇ ಶರ್ಟು. ಒಬ್ಬ ಮೇಷ್ಟ್ರೂ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಆ ಮರ್ಯಾದೆ ಇವತ್ತಿಗೂ ನನಗೆ ನೆನಪಿದೆ.

ನಮ್ಮ ಕನ್ನಡ, ತುಳು ಸಂಘಗಳಿಗೂ ಒಂದು ಮಾತು. ಮುಂಬಯಿಯಲ್ಲಿ ನಮ್ಮವರ ಸಂಘಗಳು ಎಷ್ಟಿವೆ! ಶಾಲೆ ಶುರುವಾಗುವಾಗ ನೋಟ್‌ಬುಕ್ ಹಂಚುತ್ತೀರಿ, ಮಾರ್ಕ್ಸ್ ತೆಗೆದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೀರಿ, ಅದು ದೊಡ್ಡ ಕೆಲಸ. ಅದರ ಜೊತೆಗೆ ಒಂದು ಕಪಾಟು ಇಡಿ. ಬೇರೆ ಬೇರೆ ಅಳತೆಯ ಇಪ್ಪತ್ತು ಕೋಟು, ಒಂದಷ್ಟು ಟೈ, ಕಪ್ಪು ಬೆಲ್ಟು. ಬೇಕಾದ ಮಗು ಹೆಸರು ಬರೆಸಿ ಮೂರು ದಿನಕ್ಕೆ ತೆಗೆದುಕೊಂಡು ಹೋಗಲಿ, ಇಂಟರ್‌ವ್ಯೂ ಮುಗಿದ ಮೇಲೆ ಡ್ರೈಕ್ಲೀನ್ ಮಾಡಿಸಿ ತಂದಿಡಲಿ. ಒಂದು ಕೋಟಿನಲ್ಲಿ ಎಂಟು ಹತ್ತು ಮಕ್ಕಳ ಇಂಟರ್‌ವ್ಯೂ ಆಗುತ್ತದೆ. ಮದುವೆಗೆ ಹೊಲಿಸಿ ಆಮೇಲೆ ಹಾಕದ ಕೋಟು ನಮ್ಮ ಎಷ್ಟು ಮನೆಗಳ ಕಪಾಟಿನಲ್ಲಿ ಸುಮ್ನೆ ನೇತಾಡುತ್ತಿಲ್ಲ? ಕಪ್ಪು, ನೇವಿ ಬ್ಲೂ, ಬೂದು ಬಣ್ಣದವು ಇದ್ದರೆ ಕೊಡಿ, ಮಿಂಚುವಂಥದ್ದು ಬೇಡ.

ಆ ಹುಡುಗನ ಅಮ್ಮ ನಿನ್ನೆ ಅಂಗಡಿಗೆ ಬಂದಿದ್ದರು. ಮಗನ ಕೆಲಸದ ವಿಷಯ ಇನ್ನೂ ಗೊತ್ತಾಗಿಲ್ಲ. ಕೋಟು ಅವನ ಜೊತೆಯವನೊಬ್ಬನಿಗೆ ಬೇಕಂತೆ, ಅವನು ಸ್ವಲ್ಪ ದಪ್ಪ, ಭುಜ ಇವನಿಗಿಂತ ಅಗಲ, ಅವನಿಗೇ ಸರಿಯಾಗಬಹುದು, ನೀವೊಮ್ಮೆ ಅಳತೆ ನೋಡ್ತೀರಾ ಅಂದರು. ಭಾನುವಾರ ಕಳಿಸಿ ಅಂದಿದ್ದೇನೆ. ಯಾವುದೇ ಸಂಘ ಈ ಕಪಾಟು ಶುರು ಮಾಡುವುದಾದರೆ ಅದರ ಎಲ್ಲ ಕೋಟುಗಳ ಆಲ್ಟ್ರೇಷನ್ ಕೆಲಸ ನಾನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಗೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದೇನೆ, ಕೇಳಿದವರಿಗೆ ದಯವಿಟ್ಟು ಕೊಡಿ.

— ಒಬ್ಬ ಟೈಲರ್, ಡೊಂಬಿವಲಿ ಪೂರ್ವ