ಫಲಕ ಬರುವ ಮೊದಲೇ ಕೈತಪ್ಪಿದ್ದ ತೋಟ

ಮಾನ್ಯ ಸಂಪಾದಕರೇ,

ಕಾರ್ಲಾ ಸಿಮೋನ್ ನಿರ್ದೇಶನದ ‘ಅಲ್ಕರಾಸ್’ ಚಿತ್ರದ ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. 2022ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಪ್ರಶಸ್ತಿ ಪಡೆದ ಈ ಕತಲಾನ್ ಭಾಷೆಯ ಚಿತ್ರವನ್ನು ಗಡಿನಾಡಿನ ಓದುಗರಿಗೆ ಪರಿಚಯಿಸಿದ್ದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೆ ಸೌರ ವಿದ್ಯುತ್ ಯೋಜನೆಯ ವಿರುದ್ಧ ಊರಿಗೆ ಊರೇ ಒಂದಾಗಿ ನಿಂತ ಕಥೆ ಎಂದು ಲೇಖಕರು ಅದನ್ನು ವರ್ಣಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಚಿತ್ರವನ್ನು ನೋಡಿದ ಒಬ್ಬ ಅಡಿಕೆ ಕೃಷಿಕನಾಗಿ ನನಗನಿಸಿದ್ದು, ಸೌರ ಫಲಕಗಳು ಬಂದಿಳಿಯುವ ಬಹಳ ಮೊದಲೇ ಆ ಪೀಚ್ ತೋಟ, ಅದನ್ನು ಸಾಗುವಳಿ ಮಾಡುತ್ತಿದ್ದ ಸೊಲೆ ಕುಟುಂಬದ ಕೈತಪ್ಪಿತ್ತು ಎಂದು.

ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಜಮೀನುದಾರ ಪಿನ್ಯೋಲ್ ಮನೆತನದವರನ್ನು ಸೊಲೆ ಮನೆಯವರು ಅಡಗಿಸಿಟ್ಟು ಕಾಪಾಡಿರುತ್ತಾರೆ. ಆ ಋಣಕ್ಕಾಗಿ ಧಣಿ ಬಾಯಿಮಾತಿನಲ್ಲಿ ಭೂಮಿಯನ್ನು ಬಿಟ್ಟುಕೊಟ್ಟಿರುತ್ತಾನೆ. ತಲೆಮಾರುಗಳು ಕಳೆದು, ಧಣಿಯ ಮನೆಯ ಈಗಿನ ಯಜಮಾನ ತೋಟ ಕಡಿದು ಸೌರ ಫಲಕ ಹಾಕಲು ಹೊರಟು ಕರಾರುಪತ್ರ ಕೇಳಿದಾಗ ಅಜ್ಜ ರೊಗೆಲಿಯೊ ಅವರಲ್ಲಿ ತೋರಿಸಲು ಒಂದು ತುಂಡು ಕಾಗದವೂ ಇಲ್ಲ. ಆ ಅಜ್ಜ ಅಂಜೂರ ಕೊಯ್ದು ಧಣಿಗೆ ಕೊಡುವ ದೃಶ್ಯವನ್ನು, ಗೇಣಿಯ ಕಾಲದಲ್ಲಿ ಧಣಿಗಳ ಮನೆಗೆ ಬಾಳೆಗೊನೆ ಹೊತ್ತ ಹಿರಿಯರ ಮಾತು ಕೇಳಿ ಬೆಳೆದ ನಮ್ಮಂಥವರು ಮರೆಯುವುದು ಕಷ್ಟ.

ನಮ್ಮ ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಗಿ ಒಕ್ಕಲುಗಳಿಗೆ ಹಕ್ಕು ಸಿಕ್ಕಿತು. ಹಾಗಾಗಿ ಈ ಕಥೆ ನಮ್ಮದಲ್ಲ ಎಂದು ಕೆಲವರಿಗೆ ತೋರಬಹುದು. ಆದರೆ ಪಟ್ಟೆ, ಅಂದರೆ ಹಕ್ಕುಪತ್ರ, ಇರುವುದು ತೋಟಕ್ಕೆ. ತೋಟವನ್ನು ಸಾಕುವ ಕುಮ್ಕಿಗೂ, ಗುಡ್ಡದ ಮೇಲಿನ ಬಯಲಾದ ಪದವಿಗೂ ನಮ್ಮಲ್ಲಿ ಯಾವ ಪಟ್ಟೆಯೂ ಇಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಾಲದಿಂದ ಬಂದ ಕುಮ್ಕಿ, ವರ್ಗ ಜಮೀನಿನಿಂದ, ಅಂದರೆ ಸ್ವಂತ ಹಿಡುವಳಿಯಿಂದ, ನೂರು ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ತರಗೆಲೆ, ಸೌದೆ ತರುವ ಸವಲತ್ತು ಮಾತ್ರ. ಮುರಕಲ್ಲಿನ ಪದವು ಅಂತೂ ಕಡತದಲ್ಲಿ ಬರೀ ಬಂಜರು. ಮಳೆಗಾಲದಲ್ಲಿ ದನಗಳು ಮೇಯುವುದು ಅಲ್ಲಿ, ಮಳೆ ಕಳೆದ ಮೇಲೆ ಮುಳಿಹುಲ್ಲು ಕೊಯ್ಯುವುದು ಅಲ್ಲಿ. ಪದವಿನಲ್ಲಿ ಇಂಗಿದ ನೀರೇ ನೀರಿಗಾಗಿ ಕೆಳಗಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ಬೇಸಗೆಯಲ್ಲೂ ಬೆರಳು ಗಾತ್ರದ ಧಾರೆಯಾಗಿ ಇಳಿದು, ರಾತ್ರಿಯಿಡೀ ಟಾಂಕಿಯಲ್ಲಿ ತುಂಬಿ, ಬೆಳಗ್ಗೆ ಅಡಿಕೆಯ ಬುಡಕ್ಕೆ ಬಿಡುವಷ್ಟಾಗುತ್ತದೆ.

ಕಾಸರಗೋಡು ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವಾಟ್ ಸೌರ ಸ್ಥಾವರ 2021ರಲ್ಲಿ ಉದ್ಘಾಟನೆಯಾಯಿತು. ಅದನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ಬಿಸಿಲಿನಿಂದ ವಿದ್ಯುತ್ ತೆಗೆಯುವುದನ್ನು ನಾನು ವಿರೋಧಿಸುವವನೂ ಅಲ್ಲ. ಆದರೆ ನಾಳೆ ಇನ್ನೊಂದು ಯೋಜನೆಯವರು ಇನ್ನೊಂದು ಪದವು ಪ್ರದೇಶವನ್ನು ಅಳೆಯಲು ಬಂದಾಗ, ಅದರ ಕೆಳಗೆ ಎಷ್ಟು ಸುರಂಗಗಳಿವೆ, ಯಾರ ದನಗಳು ಅಲ್ಲಿ ಮೇಯುತ್ತವೆ ಎಂಬುದು ಬರಹದಲ್ಲಿ ಇಲ್ಲದಿದ್ದರೆ ನಮ್ಮ ಸ್ಥಿತಿ ರೊಗೆಲಿಯೊ ಅವರದಕ್ಕಿಂತ ಬೇರೆಯಾಗಿರುವುದಿಲ್ಲ. ಗ್ರಾಮಸಭೆಗಳು ಇದನ್ನು ಈಗಲೇ ದಾಖಲಿಸಬೇಕು. ಪಂಚಾಯತ್‌ಗಳಲ್ಲಿ ಜೀವವೈವಿಧ್ಯ ದಾಖಲಾತಿಯ ವ್ಯವಸ್ಥೆ ಇದ್ದೇ ಇದೆ. ಸುರಂಗಗಳನ್ನು ಅದರಲ್ಲಿ ಒಂದೊಂದಾಗಿ ಬರೆಸಲು ಹೊಸ ಕಾನೂನೇನೂ ಬೇಕಾಗಿಲ್ಲ.

ಲೇಖನ ಗಮನಿಸದ ಇನ್ನೊಂದು ಸಂಗತಿ ಬೆಲೆ. ಹಣ್ಣಿಗೆ ಕೂಲಿಯೂ ಗಿಟ್ಟದ ಬೆಲೆ ಸಿಗುವುದನ್ನು ಪ್ರತಿಭಟಿಸಿ ಬೆಳೆಗಾರರು ಪೀಚ್‌ಗಳನ್ನು ನೆಲಕ್ಕೆ ಸುರಿದು ಟ್ರ್ಯಾಕ್ಟರ್ ಹಾಯಿಸುವ ದೃಶ್ಯ ಚಿತ್ರದಲ್ಲಿದೆ. ಬೆಲೆ ಹಾಗೆ ಬಿದ್ದಿರುವುದರಿಂದಲೇ, ಫಲಕಗಳ ಉಸ್ತುವಾರಿ ನೋಡಿಕೊಂಡರೆ ಕಡಿಮೆ ದುಡಿಮೆಗೆ ಹೆಚ್ಚು ಹಣ ಎಂಬ ಧಣಿಯ ಮಾತಿಗೆ ಮನೆಯ ಅಳಿಯ ಸಿಸ್ಕೊ ಕಿವಿಗೊಡುತ್ತಾನೆ, ಅಜ್ಜನ ಮಗ ಕಿಮೆಟ್ ಒಪ್ಪುವುದಿಲ್ಲ, ಒಂದೇ ಚಪ್ಪರದಡಿ ಉಣ್ಣುತ್ತಿದ್ದವರು ಪರಸ್ಪರ ಮಾತು ಬಿಡುತ್ತಾರೆ. ನನ್ನ ಮಟ್ಟಿಗೆ ಚಿತ್ರದ ಅತ್ಯಂತ ನೋವಿನ ಭಾಗ ಇದು, ಮತ್ತು ಸಿಸ್ಕೊನನ್ನು ದ್ರೋಹಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಡಿಕೆಯ ಬೆಲೆ ನೆಲಕಚ್ಚಿದ್ದ ದಿನಗಳ ಹಿನ್ನೆಲೆಯಲ್ಲಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕೇರಳ, ಕರ್ನಾಟಕ ಎರಡೂ ಕಡೆಯ ಬೆಳೆಗಾರರು ಸೇರಿ ಅಡಿಕೆ ಮಾರಾಟದ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಕಟ್ಟದೆ ಇದ್ದಿದ್ದರೆ, ಇಲ್ಲಿನ ಎಷ್ಟೋ ತೋಟಗಳು ಯಾವ ಕಂಪನಿಯೂ ಬರದೆಯೇ ಮಾರಾಟವಾಗಿ ಹೋಗುತ್ತಿದ್ದವು ಎಂದು ನಾನು ನಂಬಿದ್ದೇನೆ.

ಅಲ್ಕರಾಸ್ ಊರಿನ ಸುತ್ತಮುತ್ತಲಿನವರೇ, ವೃತ್ತಿನಟರಲ್ಲದವರು, ತಮ್ಮ ಆಡುಮಾತಿನಲ್ಲೇ ಈ ಚಿತ್ರದಲ್ಲಿ ಅಭಿನಯಿಸಿದ್ದಾರೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಸಂಘಗಳೂ ಗ್ರಂಥಾಲಯಗಳೂ ಅನುಮತಿ ಪಡೆದು, ಕನ್ನಡ ಅಡಿಬರಹಗಳೊಂದಿಗೆ ಇದನ್ನು ಕೃಷಿಕರಿಗೆ ತೋರಿಸುವ ಏರ್ಪಾಡು ಮಾಡಬೇಕು. ಅಡಿಕೆ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ದಿನ ಗೊತ್ತುಪಡಿಸಿದರೆ ಜನ ಬರುತ್ತಾರೆ. ಅಡಿಬರಹದ ಅನುವಾದಕ್ಕೆ ನನ್ನಿಂದಾಗುವ ಸಹಾಯ ಮಾಡಲು ಸಿದ್ಧನಿದ್ದೇನೆ.

– ಓರ್ವ ಕೃಷಿಕ, ಬಾಯಾರು, ಮಂಜೇಶ್ವರ ತಾಲೂಕು