ಶುಗರ್ ಇರುವ ಮಗನಿಗೆ, ಬೀಡಿ ಬಿಡುವ ವಿಷಯವಾಗಿ

ಕೋಲಾರ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶುಗರ್ ಮಾತ್ರೆ ತಪ್ಪಿಸುತ್ತಿಲ್ಲ, ರಾತ್ರಿ ಅನ್ನ ಬಿಟ್ಟು ಮುದ್ದೆ ಉಣ್ಣುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಸಂತೋಷ, ಮುದ್ದೆಯೂ ಅಳತೆಯಲ್ಲಿರಲಿ. ಆದರೆ ಟೊಮೆಟೊ ಮಂಡಿಯಲ್ಲಿ ಹರಾಜು ಮುಗಿಯುವಷ್ಟರಲ್ಲಿ ಬೀಡಿ ಕಟ್ಟು ಖಾಲಿಯಂತೆ. ಬೀಡಿಯಲ್ಲಿನ ನಿಕೋಟಿನ್, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಮಾತ್ರೆ ಸಕ್ಕರೆ ಇಳಿಸಲು ನೋಡಿದರೆ ಬೀಡಿ ಏರಿಸಲು ನೋಡುತ್ತದೆ. ಸಿಗರೇಟಿಗಿಂತ ಬೀಡಿ ವಾಸಿ ಅನ್ನುವ ಮಾತು ನಂಬಬೇಡ. ಅದು ಆರದಂತೆ ಪದೇಪದೇ ಎಳೆಯಬೇಕು, ಹೊಗೆ ಇನ್ನೂ ಹೆಚ್ಚು ಒಳಗೆ ಹೋಗುತ್ತದೆ.

ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾಕ್ಕೆ ಆಮ್ಲಜನಕ ಬಹಳ ಬೇಕು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನಿಲ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಸಕ್ಕರೆಯಿಂದ ಸೊರಗಿದ ಸಣ್ಣ ರಕ್ತನಾಳಗಳಿಗೆ ಈ ಕೊರತೆ ತಡೆಯುವುದಿಲ್ಲ. ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಶುಗರ್‌ನವರಲ್ಲಿ ಸೇದುವುದರಿಂದ ರೆಟಿನಾ ಕೆಡುವುದು ಹೆಚ್ಚು ಸ್ಪಷ್ಟ. ನಿನ್ನಂಥ ಟೈಪ್ 2ರವರ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ನಿಜ. ಆದರೆ ಕಣ್ಣಿನ ಪೊರೆ ಮತ್ತು ರೆಟಿನಾದ ನಡುಭಾಗವಾದ ಮ್ಯಾಕುಲಾದ ಸವೆತ ಸೇದುವವರಿಗೆ ಹೆಚ್ಚು ಅನ್ನುವುದರಲ್ಲಿ ಅನುಮಾನವೇ ಇಲ್ಲ. ರೆಟಿನಾ ಕೆಡುವಾಗ ಮೊದಮೊದಲು ನೋವಿಲ್ಲ, ಮಂಜೂ ಇಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿಸಿಕೊಂಡು ಪರೀಕ್ಷೆ ಮಾಡಿಸಲೇಬೇಕು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗು, ಜೊತೆಗೊಬ್ಬರಿರಲಿ; ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಬೈಕ್ ಓಡಿಸಲಾಗದು. ಕಣ್ಣಮುಂದೆ ದಿಢೀರನೆ ಕಪ್ಪು ಚುಕ್ಕೆಗಳು ತೇಲಿದರೆ ಅಥವಾ ಪರದೆ ಬಿದ್ದಂತಾದರೆ ಅದೇ ದಿನ ಓಡು.

ಕೀಲಿನ ಕಥೆ ಬೇರೆ. ಹೆಚ್ಚಿದ ಸಕ್ಕರೆ ಕೀಲಿನ ಸುತ್ತಲ ಕೊಲಾಜನ್ ನಾರಿಗೆ ಅಂಟಿ ಅದನ್ನು ಬಿರುಸಾಗಿಸುತ್ತದೆ. ತಂಬಾಕಿನ ಹೊಗೆಯಲ್ಲೂ ಇದನ್ನು ಹೆಚ್ಚಿಸುವ ಪದಾರ್ಥಗಳಿವೆ. ಎರಡೂ ಅಂಗೈ ಜೋಡಿಸಿ ನಮಸ್ಕಾರ ಮಾಡಿ ನೋಡು. ಬೆರಳುಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿದರೆ ಕೀಲು ಬಿಗಿಯುತ್ತಿದೆ ಎಂದರ್ಥ. ಶರ್ಟ್ ಹಾಕುವಾಗ ಭುಜ ಹಿಂದಕ್ಕೆ ತಿರುಗದಿದ್ದರೆ ಕ್ರೇಟ್ ಎತ್ತಿದ್ದಕ್ಕೆ ಅಂದುಕೊಂಡು ಸುಮ್ಮನಿರಬೇಡ, ಶುಗರ್‌ನವರಲ್ಲಿ ಭುಜ ಹಿಡಿಯುವುದು ಸಾಮಾನ್ಯ. ನನಗೆ ಹೆಚ್ಚು ಭಯ ಪಾದದ್ದು. ಸ್ಪರ್ಶ ಕುಂದಿದ ಪಾದ ಒಂದೇ ಕಡೆ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ನೋವಿಲ್ಲದಿದ್ದರೂ ಅದು ಉಳುಕಲ್ಲದಿರಬಹುದು, ಒಳಗಿನ ಮೂಳೆಗಳೇ ಕುಸಿಯುತ್ತಿರಬಹುದು. ಆ ಕಾಲಿಗೆ ಭಾರ ಹಾಕದೆ ಆಸ್ಪತ್ರೆಗೆ ಹೋಗು. ಸೇದುವವರ ಕಾಲಿನ ರಕ್ತನಾಳ ಕಿರಿದಾಗಿ ಗಾಯವೂ ಬೇಗ ಮಾಯುವುದಿಲ್ಲ.

ಬಿಡುವುದಕ್ಕೆ ಒಂದು ದಿನ ಗೊತ್ತುಮಾಡು. 2 ಮಿ.ಗ್ರಾಂ. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೇ ಬೀಡಿ ಬೇಕಾದರೆ 4 ಮಿ.ಗ್ರಾಂ. ಬಗ್ಗೆ ವೈದ್ಯರನ್ನು ಕೇಳು. ಚ್ಯೂಯಿಂಗ್ ಗಮ್ಮಿನಂತೆ ಒಂದೇ ಸಮ ಅಗಿದರೆ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ಖಾರ ತಾಗುವವರೆಗೆ ನಿಧಾನ ಅಗಿದು ಕೆನ್ನೆಯ ಒಳಗೆ ಒತ್ತಿಡು, ಖಾರ ಇಳಿದ ಮೇಲೆ ಮತ್ತೆ ಅಗಿ. ಅರ್ಧ ಗಂಟೆ ಹೀಗೆ. ಅದಕ್ಕೆ ಮುಂಚಿನ 15 ನಿಮಿಷ ಕಾಫಿ, ಟೀ ಬೇಡ. ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಲು ಸಂಕೋಚಪಡಬೇಡ.

ಬಿಟ್ಟ ಮೇಲೆ ಹಸಿವು ಹೆಚ್ಚುತ್ತದೆ, ತೂಕ ಒಂದಿಷ್ಟು ಏರಬಹುದು, ಸಕ್ಕರೆಯೂ ಕೆಲವು ವಾರ ಏರಿಳಿಯಬಹುದು. ಮೊದಲೇ ವೈದ್ಯರಿಗೆ ತಿಳಿಸು, ನಿಕೋಟಿನ್ನಿನ ಅಡ್ಡಿ ತಪ್ಪಿದ ಮೇಲೆ ನಿನ್ನ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಪ್ರಮಾಣ ಇಳಿಸಬೇಕಾಗಬಹುದು. ಸಕ್ಕರೆ ತೀರ ಇಳಿದು ಬೆವರು, ನಡುಕ ಬಂದರೆ 3 ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು 15 ನಿಮಿಷ ಬಿಟ್ಟು ಶುಗರ್ ನೋಡಿಕೋ. ಮಂಡಿಗೆ ಹೋಗುವಾಗ ಜೇಬಿನಲ್ಲಿ ಬೀಡಿ ಬದಲು ಒಂದು ಪೊಟ್ಟಣ ಸಕ್ಕರೆ ಇರಲಿ.

ಇಂತಿ ನಿನ್ನ ದೊಡ್ಡಪ್ಪ